ನ್ಯೂಜಿಲೆಂಡಿಗೆ ಹೊರಟ ಹಿಡಿ ಮಣ್ಣು

ಚಿಮ್ಮಡ

ಚಿಮ್ಮಡದಿಂದ ನ್ಯೂಜಿಲೆಂಡಿಗೆ ಹೋದ ಮೊದಲ ಮನುಷ್ಯ ನಾನೇ. ಎರಡನೆಯವನು ಇನ್ನೂ ಹುಟ್ಟಿಲ್ಲವಾದ್ದರಿಂದ ಈ ದಾಖಲೆ ಸದ್ಯಕ್ಕೆ ಅಳಿಸುವ ಹಾಗೆ ಕಾಣುವುದಿಲ್ಲ. ನನ್ನನ್ನು ಕಳಿಸಿಕೊಡಲು ಬನಹಟ್ಟಿ ಬಸ್ ನಿಲ್ದಾಣಕ್ಕೆ ಅರ್ಧ ತಾಲೂಕು ಬಂದಿತ್ತು. ಅರ್ಧ ತಾಲೂಕು ಅಂದರೆ ಅಪ್ಪ, ಅವ್ವ, ಆಯಿ, ಗೆಳೆಯ ಪರಸ್ಯಾ ಮತ್ತು ಪರಸ್ಯಾನ ಬೈಕಿನ ಬೆನ್ನು ಹತ್ತಿ ಬಂದ ಒಂದು ನಾಯಿ.

ಹತ್ತನೇ ಪರೀಕ್ಷೆ ಮುಗಿದಿತ್ತು. ಫಲಿತಾಂಶ ಬರುವಾಗ ದೇಶದಲ್ಲೇ ಇರದಿದ್ದರೆ ಒಳ್ಳೆಯದು ಎಂಬುದು ನನ್ನ ಲೆಕ್ಕ. ಆದರೆ ಮನೆಯವರು ನನ್ನನ್ನು ಕಳಿಸಿದ್ದು ಬೇರೆ ಕೆಲಸಕ್ಕೆ. ಅವ್ವನ ತಮ್ಮ ಸಿದ್ದು ಮಾಮಾ ಅಲ್ಲಿ ಮಣ್ಣು ತೊಳೆಸುವ ಕೆಲಸದಲ್ಲಿದ್ದಾನೆ. ನಗಬೇಡಿ. ಅಲ್ಲೊಂದು ಕಟ್ಟಿಗೆಯ ವಖಾರಿ ಇತ್ತು. ಹುಳ ಹತ್ತಬಾರದೆಂದು ಕಂಬ, ಹಲಗೆಗಳನ್ನು ವಿಷದ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಿದ್ದರು. ವಖಾರಿ ಮುಚ್ಚಿತು. ಅಷ್ಟು ವರ್ಷ ತೊಟ್ಟಿಕ್ಕಿದ ವಿಷವನ್ನೆಲ್ಲ ಕುಡಿದ ನೆಲ ಮಾತ್ರ ಅಲ್ಲೇ ಉಳಿಯಿತು. ಎಲ್ಲಿಯವರೆಗೆ ಕೆಟ್ಟಿದೆ ಎಂದು ಪರೀಕ್ಷಿಸಿ, ಕೆಟ್ಟದ್ದನ್ನು ಅಗೆಸಿ ಸಾಗಿಸುವುದು ಮಾಮಾನ ಉದ್ಯೋಗ.

ಮಾಮಾನ ಸ್ವಂತ ಊರು ಬೀಳಗಿ ತಾಲೂಕಿನದು. ಈಗ ಆಣೆಕಟ್ಟಿನ ಹಿನ್ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬೀರಪ್ಪ ದೇವರ ಕಟ್ಟೆಯೊಂದು ಕೆಲವು ವಾರ ತಲೆ ಎತ್ತುತ್ತದೆ. ಆಗ ಎಲ್ಲೆಲ್ಲಿಗೋ ಹೋಗಿ ನೆಲೆಸಿದ ಊರವರು ರಾಡಿಯಲ್ಲಿ ನಡೆದು ಬಂದು, ಭಂಡಾರದ ಅರಿಸಿನ ಹಾರಿಸಿ, ಕಟ್ಟೆಯ ಕೆಂಪು ಮಣ್ಣನ್ನು ಹಣೆಗೆ ಹಚ್ಚಿಕೊಂಡು ಹೋಗುತ್ತಾರೆ. ಮುಳುಗಡೆಗೆಂದು ಊರು ಎತ್ತಿದ ವರ್ಷ ಹೊರಟ ಮಾಮಾ ಒಮ್ಮೆಯೂ ಬಂದಿಲ್ಲ.

ಆಯಿ, ಅಂದರೆ ಅವನ ಅವ್ವ, ಹೋದ ಬೇಸಿಗೆಯಲ್ಲಿ ತಂದಿಟ್ಟುಕೊಂಡಿದ್ದ ಹಿಡಿ ಮಣ್ಣನ್ನು ಕಾಗದದಲ್ಲಿ ಸುತ್ತಿ, ಹಳದಿ ಬಟ್ಟೆಯಲ್ಲಿ ಗಂಟು ಕಟ್ಟಿ ನನ್ನ ಕೈಗೆ ಕೊಟ್ಟಳು.

“ಮಾಳ್ಯಾ, ಇದನ್ನ ನಿಮ್ಮ ಮಾಮಾನ ಕೈಯಾಗ ಕೊಡು. ಹಣಿಗಿ ಹಚ್ಚಿಕೊಂಡ್ನಂದ್ರ ಅವಾ ಅಲ್ಲಿ ನಿಂದರಾಂಗಿಲ್ಲ. ಮುಂದಿನ ವರ್ಸ ನನ್ನ ಮೊಣಕಾಲು ಆ ರಾಡ್ಯಾಗ ನಡ್ಯಾಂಗಿಲ್ಲಪಾ. ಈ ವರ್ಸನ ಅವನ್ನ ಕರಕೊಂಡ ಬರಬೇಕು ನೋಡು.”

“ಅಷ್ಟ ಹೌದಿಲ್ಲೋ ಆಯಿ? ಕಿವಿ ಹಿಡದ ಎಳಕೊಂಡ ಬರ್ತೀನಿ.”

“ಮೊದಲ ನೀ ತಿರುಗಿ ಬರೂದ ನೋಡ್ಕೋಲೇ,” ಎಂದ ಪರಸ್ಯಾ. “ಜಮಖಂಡಿ ಸಂತ್ಯಾಗ ಕಳಕೊಂಡಾವ ನೀ.”

ಅದು ಸುಳ್ಳು. ಜಮಖಂಡಿಯಲ್ಲಿ ಕಳೆದುಹೋಗಿದ್ದು ಅಪ್ಪ. ನಾನು ಕುಂತಲ್ಲೇ ಕುಂತಿದ್ದೆ.

ಕೆಂಪು ಡಬ್ಬಿ

ವಿಮಾನದ ವಿಷಯ ಎಲ್ಲರೂ ಬರೆದಿದ್ದಾರೆ. ನಾನು ಇಷ್ಟೇ ಹೇಳುತ್ತೇನೆ: ಮುಧೋಳದ ಬಸ್ಸಿನಲ್ಲಿ ಕಿಟಕಿ ತೆಗೆದರೆ ಮುಚ್ಚುವುದಿಲ್ಲ, ಇದರಲ್ಲಿ ತೆಗೆಯಲಿಕ್ಕೇ ಬರುವುದಿಲ್ಲ. ಪಕ್ಕದವನು ಇಳಿಯುವವರೆಗೂ ನನ್ನ ಊರು ಯಾವುದೆಂದು ಕೇಳಲಿಲ್ಲ. ಅಷ್ಟು ಹೊತ್ತು ಭುಜಕ್ಕೆ ಭುಜ ತಾಗಿಸಿ ಕುಳಿತ ಮನುಷ್ಯ ಊರು ಕೇಳದೆ ಇಳಿದುಹೋಗುವುದನ್ನು ನಾನು ನೋಡಿದ್ದು ಅದೇ ಮೊದಲು.

ನ್ಯೂಜಿಲೆಂಡಿನವರಿಗೆ ಕಳ್ಳರ ಭಯವಿಲ್ಲ, ಬೀಜದ ಭಯ. ಹೊರಗಿನ ಬೀಜ, ಹುಳ, ಮಣ್ಣು ಯಾವುದನ್ನೂ ಒಳಗೆ ಬಿಡುವುದಿಲ್ಲ. ಒಂದು ಗಿಡ್ಡ ನಾಯಿ ಎಲ್ಲರ ಚೀಲ ಮೂಸುತ್ತ ಬಂದು ನನ್ನ ಚೀಲದ ಮುಂದೆ ಕೂತುಬಿಟ್ಟಿತು. ಪರಸ್ಯಾನ ನಾಯಿಯ ಸಂಬಂಧಿ ಇರಬೇಕು.

ಅಧಿಕಾರಿ ದೊಡ್ಡ ಆಳು, ಮೃದು ಮಾತು. ಮೊದಲು ನನ್ನ ಚಪ್ಪಲಿ ಒಯ್ದು ತೊಳೆದು ತಂದುಕೊಟ್ಟ. ಕೊಂಡ ದಿನವೂ ಅವು ಅಷ್ಟು ಹೊಳೆದಿರಲಿಲ್ಲ. ನಂತರ ಆಯಿ ಮಾಮಾನಿಗೆಂದು ಕೊಟ್ಟ ಕರಿ ಕಂಬಳಿ ಹರವಿ, ಅದಕ್ಕೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ಕಿತ್ತ. ನಮ್ಮ ಅಪ್ಪ ಆ ಕಂಬಳಿಯ ಅಣ್ಣನನ್ನು ಹೊದ್ದುಕೊಂಡು ಕುರಿ ಮೇಯಿಸುತ್ತ ಇಡೀ ಜಿಲ್ಲೆ ಸುತ್ತಿದ್ದಾನೆ; ಅದನ್ನು ತಂದಿದ್ದರೆ ಈ ಮನುಷ್ಯ ಅಲ್ಲೇ ನಿವೃತ್ತಿಯಾಗುತ್ತಿದ್ದ. ರೊಟ್ಟಿ, ಚಟ್ನಿ, ಭಂಡಾರ ಪಾಸಾದವು. ಕೊನೆಗೆ ಗಂಟು.

“ಇದು ದೇವರು,” ಎಂದೆ ನನ್ನ ಇಂಗ್ಲಿಷಿನಲ್ಲಿ.

ಅವನು ಬಿಚ್ಚಿ ನೋಡಿದ. “ಇದು ಮಣ್ಣು,” ಎಂದ. ಇಬ್ಬರೂ ಸರಿಯೇ ಹೇಳಿದ್ದೆವು.

ಅವನು ಟೊಪ್ಪಿಗೆ ತೆಗೆದು, ಕ್ಷಮೆ ಕೇಳಿ, ಕಾಗದ ಸಮೇತ ಮಣ್ಣನ್ನು ಕೆಂಪು ಡಬ್ಬಿಗೆ ಹಾಕಿದ. ಹಳದಿ ಬಟ್ಟೆಯನ್ನು ಜಾಡಿಸಿ, ಬೆಳಕಿಗೆ ಹಿಡಿದು, ಮಡಚಿ ಕೊಟ್ಟ. ಟೊಪ್ಪಿಗೆ ತೆಗೆದದ್ದಕ್ಕೆ ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

ಹೊರಗೆ ಮಾಮಾ ನಿಂತಿದ್ದ. ಫೋಟೋಕ್ಕಿಂತ ತೆಳ್ಳಗೆ, ಕೂದಲಲ್ಲಿ ಬಿಳಿ. ನನ್ನನ್ನು ಅಪ್ಪಿಕೊಂಡು ಅವನು ಮೊದಲು ಕೇಳಿದ್ದೇ ಅದು.

“ಅವ್ವ ಫೋನಿನ್ಯಾಗ ಹೇಳ್ಯಾಳ, ಕಟ್ಟಿ ಮಣ್ಣ ಕಳಿಸೇನಂತ. ಬಿಟ್ರೇನಲೇ ಇವರು?”

“ನಾ ಮಾತಾಡಿದ ಮ್ಯಾಲ ಬಿಡದ ಏನ್ಮಾಡ್ತಾರ ಮಾಮಾ? ಪೆಟಗಿ ತಳಕ್ಕೈತಿ. ಸಾವಕಾಶ ಕೊಡ್ತೀನಿ.”

ಮಾತು ಬಾಯಿಂದ ಜಾರಿತು. ಮಾಮಾನ ಮುಖ ಅರಳಿದ್ದನ್ನು ನೋಡಿದ ಮೇಲೆ ಹಿಂದೆ ತೆಗೆದುಕೊಳ್ಳಲು ನಾಲಿಗೆ ಏಳಲಿಲ್ಲ.

ಖಟ್ ಖಟ್

ಮಾಮಾನ ಊರಿನ ಹೆಸರು ಹೇಳಬೇಕಾದರೆ ನಾಲಿಗೆಯನ್ನು ಮೂರು ಮಡಿಕೆ ಮಾಡಬೇಕು, ಹೀಗಾಗಿ ಬಿಡುತ್ತೇನೆ. ನಮ್ಮಲ್ಲಿ ಹೆಂಚು ಸುಡುವ ಬಿಸಿಲಿದ್ದಾಗ ಅಲ್ಲಿ ಚಳಿ ಶುರು. ಸಂಜೆ ಐದಕ್ಕೆ ಅಂಗಡಿ ಮುಚ್ಚುತ್ತವೆ. ಆರಕ್ಕೆ ಬೀದಿ ನೋಡಿದರೆ ಇಡೀ ಊರಿಗೆ ಊರೇ ಯಾರದೋ ಮದುವೆಗೆ ಹೋದ ಹಾಗೆ, ನಮ್ಮನ್ನೊಬ್ಬರನ್ನೇ ಕರೆಯದ ಹಾಗೆ.

ಮಾಮಾನ ಮನೆಯಲ್ಲಿ ಒಂದು ತಾಟು, ಒಂದು ಲೋಟ, ಒಂದು ಕುರ್ಚಿ. ಎರಡನೇ ಕುರ್ಚಿಗೆ ಇನ್ನೂ ಅಂಗಡಿಯ ಚೀಟಿ ಅಂಟಿತ್ತು. ನನಗಾಗಿ ತಂದದ್ದು. ರೇಡಿಯೋ ಸದಾ ಹಚ್ಚಿರುತ್ತಿತ್ತು. “ಏನ ಕೇಳ್ತಿ ಮಾಮಾ?” ಎಂದರೆ, “ಏನಿಲ್ಲ. ಯಾರೋ ಮಾತಾಡತಿರ್ತಾರ,” ಎಂದ.

ನನಗೆ ನಿದ್ದೆ ಬರಲಿಲ್ಲ. ಬನಹಟ್ಟಿಯ ಸೋದರತ್ತೆಯ ಮನೆಯಲ್ಲಿ ಇದ್ದು ಸಾಲಿ ಕಲಿತವನು ನಾನು. ಗೋಡೆಯಾಚೆ ವಿದ್ಯುತ್ ಮಗ್ಗಗಳು ಖಟ್ ಖಟ್ ಎನ್ನುತ್ತಿದ್ದರೇ ನನ್ನ ಕಣ್ಣು ಮುಚ್ಚುವುದು. ಕರೆಂಟು ಹೋದರೆ ಓಣಿಯೆಲ್ಲ ಎಚ್ಚರ. ಇಲ್ಲಿಯ ಮೌನ ಕಿವಿಗೆ ಹತ್ತಿ ತುರುಕಿದ ಹಾಗಿತ್ತು. ಮೂರನೆಯ ದಿನ ಉಪಾಯ ಹೊಳೆಯಿತು. ಬಟ್ಟೆ ಒಗೆಯುವ ಯಂತ್ರದೊಳಗೆ ನನ್ನ ಒಂದೇ ಒಂದು ಚಪ್ಪಲಿ ಹಾಕಿ ಗುಂಡಿ ಒತ್ತಿದೆ. ಖಟ್ ಖಟ್, ಖಟ್ ಖಟ್. ಅಪ್ಪಟ ಬನಹಟ್ಟಿ! ಮಾಮಾ ಗಾಬರಿಯಾಗಿ ಓಡಿ ಬಂದ.

“ಏನ ಮುರದಿ ಮಾಳ್ಯಾ?”

“ಏನೂ ಮುರದಿಲ್ಲ. ಮಗ್ಗಾ ಹಚ್ಚೇನಿ. ಮಕ್ಕೋ.”

ಅವನು ಬಾಗಿಲಿಗೆ ಆತು ಬಹಳ ಹೊತ್ತು ಕೇಳುತ್ತ ನಿಂತ. ಬಂದ್ ಮಾಡು ಎನ್ನಲಿಲ್ಲ.

ಬೇಲಿಯ ಹೊರಗೆ

ಒಂದು ದಿನ ವಖಾರಿಯ ಜಾಗ ತೋರಿಸಲು ಕರೆದೊಯ್ದ. ನನಗೆ ಹಳದಿ ಅಂಗಿ ತೊಡಿಸಿ ಬೇಲಿಯ ಹೊರಗೇ ನಿಲ್ಲಿಸಿದ. ಒಳಗೆ ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಮೂಗಿಗೆ ಮುಸುಕು ಹಾಕಿದ ಮಂದಿ, ಎರಡು ಕಾಲಿನ ಮೊಲಗಳ ಹಾಗೆ. ಧೂಳು ಏಳಬಾರದೆಂದು ಮಣ್ಣಿನ ಮೇಲೆ ಸಣ್ಣಗೆ ನೀರು ಸಿಂಪಡಿಸುತ್ತಿದ್ದರು. ಲಾರಿ ತುಂಬಿದೊಡನೆ ಮೇಲೆ ತಾಡಪತ್ರಿ ಬಿಗಿದು, ಗೇಟಿನಲ್ಲಿ ನಿಲ್ಲಿಸಿ ಗಾಲಿಗಳಿಗೆ ಸ್ನಾನ. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊರುವ ನಮ್ಮ ಲಾರಿಗಳು ಹುಟ್ಟಿದಾಗಿನಿಂದ ಅಂಥ ಸ್ನಾನ ಕಂಡಿಲ್ಲ. ಮಂದಿ ಹೊರಗೆ ಬರುವಾಗ ಬೂಟು ತಿಕ್ಕಿ, ಬಿಳಿ ಉಡುಪು ಕಳಚಿ ಡಬ್ಬಿಗೆ ಹಾಕಬೇಕು. ಮಡಿ ಅಂದರೆ ಅದು!

“ಈ ಮಣ್ಣ ಎಲ್ಲಿಗಿ ಒಯ್ತಾರ ಮಾಮಾ?”

“ದೂರ. ತಳಕ್ಕ ದಪ್ಪ ಪ್ಲಾಸ್ಟಿಕ್ ಹಾಸಿದ ತಗ್ಗಿನ್ಯಾಗ ಹುಗೀತಾರ, ಮ್ಯಾಲೂ ಮುಚ್ಚತಾರ. ಇಲ್ಲಿ ಛಲೋ ಮಣ್ಣ ತಂದ ತುಂಬ್ತೀವಿ. ಆಮ್ಯಾಲ ಮಂದಿ ಮನಿ ಕಟ್ಕೊಂಡ ಇರಬಹುದು.”

“ಹಂಗಾರ ನೀ ಊರಿಗೆ ಯಾವಾಗ ಬರ್ತಿ?”

ಅವನು ಅಗೆದ ಗುಂಡಿಯನ್ನೇ ನೋಡುತ್ತಿದ್ದ. “ಯಾ ಊರಿಗಿಲೇ? ನೀರಿಗಿ?”

“ಕಟ್ಟಿ ಕಾಣ್ತೈತಿ ಮಾಮಾ. ಆಯಿ ಮುಂದಿನ ವರ್ಸ ನಡ್ಯಾಂಗಿಲ್ಲ,” ಎಂದೆ.

ಅವನು ಗುಂಡಿಯ ಕಡೆ ಬೆರಳು ತೋರಿಸಿದ: “ಇದು ಕಡೀ ತಗ್ಗು. ತಳದ ಮಣ್ಣ ಪರೀಕ್ಷಾಕ್ಕ ಕಳಿಸೇವಿ. ಪಾಸಾತಂದ್ರ ಇಲ್ಲೀ ಕೆಲಸ ಮುಗೀತು. ಆವಾಗ ಬರ್ತೀನಿ.”

ಅಂದಿನಿಂದ ನನ್ನ ಹತ್ತನೇ ಫಲಿತಾಂಶಕ್ಕಿಂತ ಆ ಗುಂಡಿಯ ಫಲಿತಾಂಶಕ್ಕಾಗಿ ಹೆಚ್ಚು ದೇವರಿಗೆ ಬೇಡಿಕೊಂಡೆ. ಮಾಮಾ ದಿನಾ ಸಂಜೆ ಊಟ ಮಾಡುತ್ತ ನನ್ನ ಪೆಟ್ಟಿಗೆಯ ಕಡೆ ಒಮ್ಮೆ ನೋಡುತ್ತಿದ್ದ. ಕೇಳುತ್ತಿರಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಸಿದ್ಧವಿತ್ತು. ಕೇಳದವನಿಗೆ ಏನು ಹೇಳುವುದು?

ಡಾಟ್

ಹಗಲು ನನಗೆ ಇದ್ದ ಒಬ್ಬಳೇ ಗೆಳತಿ ಡಾಟ್. ಪಕ್ಕದ ಮನೆಯವಳು, ಸಾಲಿ ಬಸ್ಸಿನ ಡ್ರೈವರ್, ವಯಸ್ಸು ಆಯಿಗಿಂತ ಸ್ವಲ್ಪ ಕಡಿಮೆ. ಆಂಟಿ ಎಂದರೆ ಹೊಡೆಯಲು ಬರುತ್ತಿದ್ದಳು. ಬರೀ ಡಾಟ್ ಅನ್ನಬೇಕು. ಅವಳ ಇಂಗ್ಲಿಷನ್ನು ನಾನು ಅರ್ಧ ತಿಳಿದುಕೊಂಡು ಉಳಿದರ್ಧ ಕಟ್ಟಿಕೊಳ್ಳುತ್ತಿದ್ದೆ. ಹೀಗಾಗಿ ಇಲ್ಲಿ ಅವಳು ಚಿಮ್ಮಡದವಳ ಹಾಗೆ ಮಾತಾಡಿದರೆ ತಪ್ಪು ಅವಳದಲ್ಲ.

ಅವಳ ಹಿತ್ತಲಲ್ಲಿ ನಾಲ್ಕಾರು ಕುರಿ. ನಮ್ಮ ಮನೆತನವೇ ಕುರಿಯವರದು. “ನೋಡ ಈಗ,” ಎಂದು ಬೇಲಿ ಹತ್ತಿ ನಿಂತು ಅಪ್ಪ ಕರೆಯುವ ಹಾಗೆ, ಮೂರು ಹೊಲ ಆಚೆ ಕೇಳುವ ಹಾಗೆ, “ಹುರ್ರ್ರ್ ಬಾ ಬಾ!” ಎಂದು ಕೂಗಿದೆ. ಒಂದು ಕುರಿಯೂ ತಲೆ ಎತ್ತಲಿಲ್ಲ. ಬೀದಿಯಾಚೆಯ ಮನೆಯಲ್ಲಿ ಕಿಟಕಿ ಮುಚ್ಚಿದ ಸದ್ದಾಯಿತು.

“ನಿನಗ ಹೊಟ್ಟಿ ನೋವು ಆಗೇತೇನು?” ಎಂದಳು ಡಾಟ್.

ಅವಳ ಮನೆ ಮುಂದೆ ಹಳೆಯ ಮರದ ದಿಮ್ಮಿಗಳನ್ನು ಅಂಚಿಗಿಟ್ಟು ಮಾಡಿದ ತರಕಾರಿ ಮಡಿ ಇತ್ತು. ಅಲ್ಲಿಯ ಗಜ್ಜರಿ ಗಡ್ಡೆ ಕಿತ್ತು, ತೊಳೆದು, ನನಗೊಂದು ತನಗೊಂದು ಹಿಡಿಯುತ್ತಿದ್ದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಮೊಲಗಳ ಹಾಗೆ ಕರಕರ ತಿನ್ನುವುದು. ಅಷ್ಟು ಹೊತ್ತು ನಾನು ಆ ಊರಿನವನಾಗಿರುತ್ತಿದ್ದೆ.

ಗಂಟು

ಒಂದು ಮಧ್ಯಾಹ್ನ ಮಾಮಾನ ಫೋನು ಬಂತು. ಅವನ ದನಿಯನ್ನು ನಾನು ಹಾಗೆ ಎಂದೂ ಕೇಳಿರಲಿಲ್ಲ.

“ತಗ್ಗು ಪಾಸಾತಲೇ ಮಾಳ್ಯಾ! ಸಂಜಿಕ್ಕ ಆ ಗಂಟ ತಗದಿಡು. ಹಚ್ಕೊಂಡ ಟಿಕೆಟ್ ತಗಸೂನು, ನಂದೂ ನಿಂದೂ ಕೂಡೇ.”

ನಾನು ಕುಣಿದೆ. ಆಮೇಲೆ ಕುಣಿಯುವುದನ್ನು ನಿಲ್ಲಿಸಿದೆ. ಗಂಟೆಲ್ಲಿದೆ?

ಹಳದಿ ಬಟ್ಟೆ ಇತ್ತು. ಭಂಡಾರ ಇತ್ತು. ಇಲ್ಲದಿದ್ದದ್ದು ಮಣ್ಣೊಂದೇ. ಮಣ್ಣು ಇಲ್ಲದ ದೇಶ ಯಾವುದಿದೆ? ಡಾಟ್ ಬಸ್ಸು ಓಡಿಸಲು ಹೋಗಿದ್ದಳು. ಅವಳ ಮಡಿಯ ಮೇಲಿನ ಮಣ್ಣು ಕಪ್ಪು. ದಿಮ್ಮಿಯ ಬುಡದಲ್ಲಿ ಮೊಣಕೈ ಮುಳುಗುವವರೆಗೆ ಅಗೆದಾಗ ಕೆಂಪು ಸಿಕ್ಕಿತು. ಕಟ್ಟೆಯ ಕೆಂಪೇ! ಭಂಡಾರ ಬೆರೆಸಿ ಗಂಟು ಕಟ್ಟಿದೆ. ಸಣ್ಣಗೆ ಡಾಂಬರ ಗುಳಿಗೆಯ ವಾಸನೆ ಬಂತು. ನುಸಿ ಹಿಡಿಯದಿರಲೆಂದು ಅವ್ವ ಕಂಬಳಿಯಲ್ಲಿ ಅದೇ ಗುಳಿಗೆಗಳನ್ನು ಇಟ್ಟು ಕಳಿಸಿದ್ದಳು. ಅದರದೇ ಎಂದುಕೊಂಡೆ.

ಸಂಜೆ ಮಾಮಾ ಸ್ನಾನ ಮಾಡಿ, ಕರಿ ಕಂಬಳಿ ಹೆಗಲಿಗೆ ಹಾಕಿಕೊಂಡು, ರೇಡಿಯೋ ಬಂದ್ ಮಾಡಿ ಬಂದ. ಗಂಟನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ನಿಧಾನವಾಗಿ ಬಿಚ್ಚಿದ. ಒಂದು ಚಿಟಿಕೆ ಹಿಡಿದು ಹಣೆಯ ಹತ್ತಿರ ಒಯ್ದ. ಕೈ ಅಲ್ಲೇ ನಿಂತಿತು.

“ಮಾಳ್ಯಾ, ಇದು ಎಲ್ಲೀ ಮಣ್ಣ?”

“ಕಟ್ಟೀದು.”

“ಯಾ ಕಟ್ಟಿ?”

“ಬೀರಪ್ಪನ ಕಟ್ಟಿ ಮಾಮಾ.”

“ಬೀರಪ್ಪನ ಕಟ್ಟ್ಯಾಗ ಡಾಂಬರ ಗುಳಿಗಿ ಯಾರ ಇಟ್ಟಾರಲೇ?”

“ಅದು ಕಂಬಳಿ ವಾಸನಿ…”

ಅವನು ಕಂಬಳಿ ತೆಗೆದು ಹೊರಗೆ ಹಾಕಿ ಬಂದು, ಮತ್ತೆ ಮೂಸಿದ. ವಖಾರಿಯ ಕೆಟ್ಟ ಮಣ್ಣಿನ ಆ ವಾಸನೆಯ ಜೊತೆ ದಿನಾ ಬದುಕುವವನು ಅವನು. ನಾನು ಎಲ್ಲ ಹೇಳಿದೆ: ನಾಯಿ, ಕೆಂಪು ಡಬ್ಬಿ, ಡಾಟ್‌ಳ ಮಡಿ. ಹೊಡೆಯುತ್ತಾನೆಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಎಷ್ಟ ಆಳ ಅಗದಿ?” ಎಂದು ಕೇಳಿದ. ತೋರಿಸಿದೆ.

“ಹೋಗಿ ಕೈ ತೊಳಿ. ಉಗುರಿನ ಸಂದ್ಯಾಗ ಸುದ್ದಾ. ಆಕಿ ಆ ಮಡ್ಯಾನ ಗಜ್ಜರಿ ತಿಂತಾಳೇನು?”

“ನಾನೂ ತಿಂದೇನಿ.”

ಮರುದಿನ ಡಾಕ್ಟರು ನನ್ನ ಮತ್ತು ಡಾಟ್‌ಳ ರಕ್ತ ತೆಗೆದರು. ಇಬ್ಬರಿಗೂ ಏನೂ ಆಗಿರಲಿಲ್ಲ. ಚಿಮ್ಮಡದ ಹೊಟ್ಟೆ ಕಲ್ಲನ್ನೂ ಕರಗಿಸುತ್ತದೆ ಎಂದು ನಾನು ಡಾಕ್ಟರಿಗೆ ತಿಳಿಸಿದೆ. ಅವರು ನಗಲಿಲ್ಲ. ಡಾಟ್‌ಳ ಅಂಗಳದ ಮಣ್ಣಿನ ಪರೀಕ್ಷೆ ಮಾತ್ರ ಕೆಟ್ಟದಾಗಿಯೇ ಬಂತು.

ದಿಮ್ಮಿಗಳ ಅಂಚು

ಡಾಟ್‌ಳ ಅಪ್ಪ ಅದೇ ವಖಾರಿಯಲ್ಲಿ ದುಡಿದವನಂತೆ. ಅಂಗಳದಲ್ಲಿ ನೀರು ನಿಲ್ಲುತ್ತಿತ್ತೆಂದು ವಖಾರಿಯ ಮಣ್ಣನ್ನು ಕೈಗಾಡಿಯಲ್ಲಿ ತಂದು ತಂದು ತಗ್ಗು ತುಂಬಿಸಿದ್ದ. ದಿಮ್ಮಿಗಳೂ ಅಲ್ಲಿಯವೇ. ಆಗ ಯಾರಿಗೂ ಏನೂ ಗೊತ್ತಿರಲಿಲ್ಲ. ಅಂಗಳ ಅಗೆಯಬೇಕು, ಅಲ್ಲಿಯವರೆಗೆ ಅವಳು ಕುರಿಗಳೊಂದಿಗೆ ತಮ್ಮನ ಹೊಲಕ್ಕೆ ಹೋಗಬೇಕು.

ಮಾಮಾ ಇದನ್ನು ಹೇಳುವಾಗ ನಾನು ಬಾಗಿಲ ಮರೆಯಲ್ಲಿದ್ದೆ. ಅವಳು ನನ್ನನ್ನೇ ಕರೆದಳು.

“ನನ್ನ ಮಡಿ ಯಾಕ ಅಗದಿ?”

“ಮಾಮಾನ್ನ ಮನಿಗೆ ಒಯ್ಯಾಕ.”

ಅವಳಿಗೆ ಏನು ತಿಳಿಯಿತೋ. ದಿಮ್ಮಿಗಳ ಕಡೆ ಕೈ ಮಾಡಿದಳು. “ನಮ್ಮಪ್ಪ ಶನಿವಾರಕ್ಕೊಮ್ಮೆ ತರತಿದ್ದ. ಗಾಡ್ಯಾಗ ನಾ ಕುಂತ ಬರತಿದ್ದೆ, ಮಣ್ಣಿನ ಮ್ಯಾಲ,” ಎಂದಳು. ಆಮೇಲೆ ಮಾಮಾನ ಕಡೆ ತಿರುಗಿ, “ಸಿಡ್, ಅಗದ್ರ ನೀ ಇದ್ದಾಗ ಅಗೀರಿ. ಗುರ್ತಿಲ್ಲದವರು ಬಂದ ನನ್ನ ಅಂಗಳ ತಗೀಬಾರದು.”

ಮಾಮಾ ಆಗಲಿ ಎಂದುಬಿಟ್ಟ.

ಮನೆಗೆ ಬಂದು ನಾನು ಜಗಳ ತೆಗೆದೆ. “ಆಯಿಗಿ ಏನ ಹೇಳ್ಲಿ? ಜೂನ್‌ದಾಗ ಮಳಿ ಬೀಳ್ತೈತಿ, ಕಟ್ಟಿ ಮುಳಗತೈತಿ! ಬ್ಯಾರೇ ಯಾರರ ಅಗದ್ರ ಏನಾಕ್ಕೈತಿ?”

“ನಮ್ಮೂರು ಅಳಿಯಾಕ ಸರಕಾರದವರು ಬಂದಿದ್ರಲ್ಲ ಮಾಳ್ಯಾ, ಗ್ವಾಡಿ ಮ್ಯಾಲ ನಂಬರ್ ಬರದ್ರು, ಚಾ ಕುಡದ್ರು. ನೀರ ಬಂದ ದಿನ ಅವರಾಗ ಒಬ್ಬರೂ ಬಂದ ಮಾರಿ ತೋರಸಲಿಲ್ಲ. ನಾ ಬಾಗಲಾ ಕಿತ್ತ ಎತ್ತಿನ ಗಾಡ್ಯಾಗ ಹಾಕಿ, ಊರ ಅಗಸಿ ಬಾಗಲ ಮುಂದ ಅವ್ವನ್ನ ಹಿಡಕೊಂಡ ನಿಂತಿದ್ದೆ. ಯಾರರ ಒಬ್ಬ ಗುರ್ತಿನಾವ ಬರ್ತಾನೇನಂತ ಅಕಿ ಹಾದಿ ನೋಡಾಕತ್ತಿದ್ಲು.” ಅವನು ಹಳದಿ ಬಟ್ಟೆಯನ್ನು ಒಗೆದು ಒಣಗಿಸಿಟ್ಟಿದ್ದ, ಮಡಚಿ ನನ್ನ ಕೈಗೆ ಕೊಟ್ಟ. “ಡಾಟ್ ಹೊಂಟ ದಿನ ನಾ ಇಲ್ಲಿರಬೇಕಲೇ.”

ಆ ಗುಂಡಿ ಪಾಸಾದ ದಿನ ನಾನು ಏನೂ ಮಾಡದೆ ಸುಮ್ಮನಿದ್ದಿದ್ದರೆ ಮಾಮಾ ನನ್ನೊಡನೆ ವಿಮಾನದಲ್ಲಿರುತ್ತಿದ್ದ. ಡಾಟ್ ಗಜ್ಜರಿ ತಿನ್ನುತ್ತಿರುತ್ತಿದ್ದಳು. ಹಿಂದಿರುಗುವ ದಾರಿಯುದ್ದಕ್ಕೂ ಇವೆರಡನ್ನೂ ಒಟ್ಟಿಗೆ ನೆನೆದೆ. ಪಕ್ಕದ ಸೀಟು ಖಾಲಿ ಇತ್ತು. ಅದರ ಮೇಲೆ ನನ್ನ ಚೀಲ ಇಟ್ಟು ಪಟ್ಟಿ ಬಿಗಿದೆ.

ನೀರಿನ ಅಂಚು

ನನ್ನ ಫಲಿತಾಂಶ ಬಂದಿತ್ತು. ಅದರ ಬಗ್ಗೆ ನಾನು ಮಾತಾಡಲಾರೆ. ಅಪ್ಪ ಸಾಕಷ್ಟು ಮಾತಾಡಿದ್ದಾನೆ.

ಬೀಳಗಿ ದಾಟಿ, ನೀರಿನ ಅಂಚಿನವರೆಗೆ ಟ್ರ್ಯಾಕ್ಟರಿನಲ್ಲಿ ಹೋದೆವು. ಕೆಂಪು ಡಬ್ಬಿ, ಡಾಟ್‌ಳ ಅಂಗಳ ಎಲ್ಲವನ್ನೂ ಆಯಿಗೆ ದಾರಿಯಲ್ಲೇ ಹೇಳಿ ಮುಗಿಸಿದ್ದೆ. ಮುಂದೆ ರಾಡಿ. ಆಯಿ ನನ್ನ ಹೆಗಲು ಹಿಡಿದಳು. ಪರಸ್ಯಾ ಇನ್ನೊಂದು ಕಡೆ. ಅವಳು ಒಂದೊಂದು ಹೆಜ್ಜೆಯನ್ನೂ ಬಾವಿಯಿಂದ ಕೊಡ ಸೇದಿದ ಹಾಗೆ ಕಿತ್ತು ಕಿತ್ತು ಇಡುತ್ತಿದ್ದಳು. ದಾರಿಯುದ್ದಕ್ಕೂ ಮನೆಗಳ ಬುನಾದಿ, ಹೂಳಿನಲ್ಲಿ ಅರ್ಧ ಮುಳುಗಿದ ಒಂದು ಒರಳು.

“ಇದು ಅಗಸಿ,” ಎಂದಳು. ಅಲ್ಲಿ ಏನೂ ಇರಲಿಲ್ಲ.

ಕಟ್ಟೆಯ ಮೇಲೆ ಭಂಡಾರ ಹಾರಿಸಿ, ಮಣ್ಣು ಹಣೆಗೆ ಹಚ್ಚಿಕೊಂಡು, ನನಗೂ ಪರಸ್ಯಾನಿಗೂ ಹಚ್ಚಿದಳು. ನಾನು ಮಾಮಾನಿಗೆ ಫೋನು ಹಚ್ಚಿ ಅವಳ ಕಿವಿಗೆ ಹಿಡಿದೆ.

“ಸಿದ್ದ್ಯಾ, ಉಂಡಿ? … ಆ ಹೆಣ್ಮಗಳು ಹೋದ್ಲು? … ಹೋಗೂಮುಂದ ನೀ ಇದ್ದಿ? … ಛಲೋ ಮಾಡಿದಿ.”

ಅವಳ ಸೆರಗಿನಲ್ಲಿ ಹಿಡಿ ಮಣ್ಣಿತ್ತು. ನಾನು ಹಳದಿ ಬಟ್ಟೆ ಚಾಚಿದೆ. ಅವಳು ಅದನ್ನು ನೋಡಿ, ಮಣ್ಣನ್ನು ಕಟ್ಟೆಯ ಮೇಲೇ ಸುರಿದಳು.

“ಬ್ಯಾಡ. ಮತ್ತ ಕಸಗೋತಾರ. ಇಲ್ಲೇ ಇರ್ಲಿ, ಬಂದ ಹಚ್ಕೋತಾನ.”

“ಮುಂದಿನ ವರ್ಸ ನಿನ್ನ ಮೊಣಕಾಲು?”

“ನೀ ಹೊತ್ಕೊಂಡ ಬಾ. ಇಡೀ ಚಿಮ್ಮಡಕ್ಕ ಪೈಲವಾನ ಅಂತ ಹೇಳ್ಕೋತ ಅಡ್ಡಾಡ್ತಿ.”

ಪರಸ್ಯಾ ಕಿಸಕ್ಕನೆ ನಕ್ಕ. ಆಯಿ ಮತ್ತೆ ಫೋನಿಗೆ ಕಿವಿ ಕೊಟ್ಟು, ಹುಬ್ಬು ಗಂಟಿಕ್ಕಿ ನನ್ನ ಕಡೆ ಚಾಚಿದಳು.

“ಮಾಳ್ಯಾ, ಅವಾ ಸುಮ್ಮನಾದ. ಹಿಂದ ಏನೋ ಸಪ್ಪಳ ಬರಾಕತ್ತೈತಿ ನೋಡು.”

ಕಿವಿಗೆ ಹಿಡಿದೆ. ಅಲ್ಲಿ ಈಗ ಸಂಜೆ, ಅಂಗಡಿ ಮುಚ್ಚಿರುತ್ತವೆ, ಪಕ್ಕದ ಮನೆಯಲ್ಲಿ ದೀಪವಿಲ್ಲ. ಖಟ್ ಖಟ್, ಖಟ್ ಖಟ್. ಯಂತ್ರದೊಳಗೆ ಅವನದೇ ಒಂದು ಚಪ್ಪಲಿ ಇರಬೇಕು.

“ಏನದು?” ಎಂದಳು ಆಯಿ.

“ಮಗ್ಗಾ ಆಯಿ,” ಎಂದೆ. “ಅವನ ಮಗ್ಗಲ ಮನಿ ನೇಕಾರದು.”

“ಹಂಗಾರ ಮಂದಿ ಅದಾರಲಾ,” ಎಂದು ಅವಳು ನನ್ನ ಹೆಗಲು ಹಿಡಿದು ಮತ್ತೆ ರಾಡಿಗಿಳಿದಳು.